ವಾಟ ಬದಲಿಸಬಹುದಾದ ಡ್ರಾಯಿಂಗ್ ಟೇಬಲ್: ಊರುಗೋಲೋ, ನಾಬೋ? ಹಿಂಜ್ ಎಲ್ಲಿ ಕೂರಬೇಕು?

ಸಾಗರದ_ಮಳೆ ಕೇಳಿದ್ದು:

ಆರ್ಕಿಟೆಕ್ಚರ್ ಓದುವ ಮಗಳಿಗೆ ಒಂದು ಟೇಬಲ್ ಮಾಡಿಸಬೇಕು. ಆಚಾರ್ರು ಮನೆಗೇ ಬಂದು ಕೆಲಸ ಮಾಡಿಕೊಡುತ್ತಾರೆ. ಆದರೆ ಎದ್ದು ನಿಲ್ಲುವ ಹಲಗೆಯ ಟೇಬಲ್ ಅವರೂ ಮಾಡಿಲ್ಲ, ಹಾಗಾಗಿ ಅಳತೆಯೆಲ್ಲ ನಾವೇ ಕೊಡಬೇಕು. ಬೇಕಾಗಿರುವುದು ಇಷ್ಟು:

ಹಲಗೆ 1000 × 700 ಮಿ.ಮೀ. ಎ1 ಹಾಳೆ (841 × 594) ಅಂಟಿಸಿದ ಮೇಲೂ ಸುತ್ತ ಸ್ವಲ್ಪ ಜಾಗ ಉಳಿಯಬೇಕು. ವಾಟ 0 ಯಿಂದ 45 ಡಿಗ್ರಿವರೆಗೆ. ಮಟ್ಟಸ ಇಟ್ಟಾಗ ಲ್ಯಾಪ್‌ಟಾಪಿಗೂ ಆಗಬೇಕು. ಮುಂದಂಚಿನ ಎತ್ತರ ನೆಲದಿಂದ 720. ಟೇಬಲ್ ಗೋಡೆಗೆ ತಾಗಿಯೇ ನಿಲ್ಲುವುದು, ಬೇರೆ ಜಾಗ ಇಲ್ಲ.

ಪ್ರಶ್ನೆಗಳು: ಹಿಂಜ್ ಮುಂದೆ ಹಾಕುವುದೋ, ನಡುವೆಯೋ? ಹಲಗೆಯನ್ನು ಹಿಡಿದು ನಿಲ್ಲಿಸುವುದಕ್ಕೆ ಕಚ್ಚು ಕೊರೆದ ಪಟ್ಟಿ ಮತ್ತು ಊರುಗೋಲು ಒಳ್ಳೆಯದೋ, ತಿರುಗಿಸಿ ಬಿಗಿಮಾಡುವ ನಾಬ್ ಒಳ್ಳೆಯದೋ? ಕಚ್ಚುಗಳ ನಡುವೆ ಎಷ್ಟು ಅಂತರ? ಯೂಟ್ಯೂಬಿನಲ್ಲಿ ನೋಡಿದ್ದರಲ್ಲೆಲ್ಲ 25 ಮಿ.ಮೀ.ಗೆ ಒಂದರಂತೆ ಸಮವಾಗಿ ಕೊಯ್ದಿದ್ದಾರೆ.

---

ಉಳಿಸುತ್ತಿಗೆ ಉತ್ತರ:

ಹಿಂಜ್ ಮುಂದಂಚಿಗೇ ಹಾಕಿಸಿ. ನಡುವೆ ಹಾಕಿದರೆ ಹಲಗೆಯ ಭಾರ ಎರಡು ಕಡೆಗೂ ಸಮನಾಗಿ ಹಂಚಿ ಎತ್ತುವುದು ಹಗುರ, ನಿಜ. ಆದರೆ 30 ಡಿಗ್ರಿಗೆ ಎತ್ತಿದ ಕೂಡಲೇ ಮುಂದಂಚು 175 ಮಿ.ಮೀ. ಕೆಳಗಿಳಿದು ತೊಡೆಗೆ ಬಡಿಯುತ್ತದೆ. ಕಾರ್ಖಾನೆಯಲ್ಲಿ ನಿಂತು ಬಳಸುವ ದೊಡ್ಡ ಡ್ರಾಫ್ಟಿಂಗ್ ಬೋರ್ಡುಗಳಿಗೆ ಅದು ಸರಿ, ಕೂತು ಕೆಲಸ ಮಾಡುವವರಿಗೆ ಅಲ್ಲ. ಮುಂದೆ ಹಿಂಜ್ ಇದ್ದರೆ ಮೊಣಕೈ ಊರುವ ಎತ್ತರ ಯಾವ ವಾಟಕ್ಕೂ 720 ಆಗಿಯೇ ಉಳಿಯುತ್ತದೆ. ಗೋಡೆಯ ಚಿಂತೆಯೂ ಬೇಡ. ಹಲಗೆ ಏಳುತ್ತಾ ಹೋದಂತೆ ಹಿಂದಂಚು ಗೋಡೆಯಿಂದ ದೂರ ಸರಿಯುತ್ತದೆ, 45 ಡಿಗ್ರಿಯಲ್ಲಿ 205 ಮಿ.ಮೀ. ಈಚೆಗೆ ಬಂದಿರುತ್ತದೆ. ಆಗ ಅದರ ಎತ್ತರ ನೆಲದಿಂದ 1215. ಮೇಲೆ ಗೋಡೆಗೆ ಶೆಲ್ಫ್ ಇದ್ದರೆ ಅದರ ಆಳ ನೋಡಿಕೊಳ್ಳಿ.

ಇನ್ನು ಕಚ್ಚು. ಸಮ ಅಂತರದ ಕಚ್ಚು ಕೊಯ್ದವರೆಲ್ಲ ಮಾಡುವ ತಪ್ಪು ಇದೇ. ಅಂತರ ಸಮವಾದರೆ ವಾಟ ಸಮವಾಗುವುದಿಲ್ಲ. ಹಲಗೆಯ ಅಡಿಯಲ್ಲಿ ಊರುಗೋಲಿನ ಪಿನ್ನು ಹಿಂಜಿನಿಂದ 350 ಮಿ.ಮೀ. ದೂರದಲ್ಲಿರಲಿ, ಊರುಗೋಲಿನ ಉದ್ದ 300 ಇರಲಿ, ಅದರ ಕಾಲು ಹಿಂದಕ್ಕೆ ಚಾಚಿ ಕಚ್ಚುಪಟ್ಟಿಯ ಮೇಲೆ ಕೂರಲಿ. ಆಗ ಹಿಂಜಿನಿಂದ ಕಾಲಿಗೆ ಇರುವ ದೂರ:

ಮಟ್ಟಸ: 650
15 ಡಿಗ್ರಿ: 624
22 ಡಿಗ್ರಿ: 594
30 ಡಿಗ್ರಿ: 547
38 ಡಿಗ್ರಿ: 485
45 ಡಿಗ್ರಿ: 417

ಕಚ್ಚುಗಳ ನಡುವಿನ ಅಂತರ ನೋಡಿ: 30, 47, 62, 68. ವಾಟ ಹೆಚ್ಚಾದಂತೆ ಅಂತರ ಅಗಲವಾಗುತ್ತದೆ. 25ಕ್ಕೆ ಒಂದರಂತೆ ಕೊಯ್ದಿದ್ದರೆ ಮೊದಲ ಕಚ್ಚಿಗೇ ಹಲಗೆ ಸುಮಾರು 15 ಡಿಗ್ರಿ ಜಿಗಿಯುತ್ತದೆ, ಆಮೇಲೆ ಒಂದೊಂದಕ್ಕೆ ಆರು, ಐದು, ನಾಲ್ಕು ಡಿಗ್ರಿಯಂತೆ ತೆವಳುತ್ತದೆ. ಬೇಡದ ಕಡೆ ಕಚ್ಚುಗಳ ಸಾಲು, ಬೇಕಾದ ಕಡೆ ಒಂದೂ ಇಲ್ಲ.

ಅಳತೆ ಬೇರೆಯಾದರೆ ಲೆಕ್ಕ ಹೀಗೆ: ಪಿನ್ನಿನ ದೂರವನ್ನು ಕೋನದ ಸೈನ್‌ನಿಂದ ಗುಣಿಸಿ, ಅದರ ವರ್ಗವನ್ನು ಊರುಗೋಲಿನ ಉದ್ದದ ವರ್ಗದಿಂದ ಕಳೆದು ವರ್ಗಮೂಲ ತೆಗೆಯಿರಿ. ಅದಕ್ಕೆ ಪಿನ್ನಿನ ದೂರ ಗುಣಿಸು ಕೊಸೈನ್ ಸೇರಿಸಿ. ಅಷ್ಟೇ.

ಕಚ್ಚಿನ ಆಕಾರ: ಊರುಗೋಲಿನ ಕಾಲು ಹಿಂದಕ್ಕೂ ಕೆಳಕ್ಕೂ ತಳ್ಳುತ್ತದೆ. ಹಾಗಾಗಿ ಕಚ್ಚಿನ ಹಿಂಗೋಡೆ ನೆಟ್ಟಗೆ ನಿಂತಿರಬೇಕು, ಮುಂಗೋಡೆ ಇಳಿಜಾರಾಗಿರಬೇಕು. ಗರಗಸದ ಹಲ್ಲಿನಂತೆ. ಹೀಗಿದ್ದರೆ ಹಲಗೆಯನ್ನು ಹಿಂದಿನಿಂದ ಎತ್ತಿದಾಗ ಕಾಲು ಟಕ್ ಟಕ್ ಎಂದು ತಾನಾಗಿಯೇ ಮುಂದಿನ ಕಚ್ಚಿಗೆ ಬೀಳುತ್ತದೆ. ಹಳೆಯ ಕ್ಯಾನ್ವಾಸ್ ಈಸಿಚೇರಿನ ಹಿಂಗಾಲಿನ ಕಚ್ಚು ನೋಡಿದ್ದರೆ ಆಚಾರ್ರಿಗೆ ತಕ್ಷಣ ಅರ್ಥವಾಗುತ್ತದೆ, ಅದೇ ಉಪಾಯ.

ಎರಡು ಊರುಗೋಲು, ಎರಡನ್ನೂ ಜೋಡಿಸುವ 12 ಮಿ.ಮೀ. ಕಬ್ಬಿಣದ ಸರಳು ಒಂದು. ಸರಳು ಎರಡು ಕಡೆಯೂ ಊರುಗೋಲಿನಿಂದ 20 ಮಿ.ಮೀ. ಹೊರಗೆ ಚಾಚಿರಲಿ, ಕಚ್ಚಿನಲ್ಲಿ ಕೂರುವುದು ಆ ತುದಿಗಳೇ. ಬಿಡಿಬಿಡಿ ಊರುಗೋಲು ಹಾಕಿದರೆ ಒಂದು ದಿನ ಎಡಗಡೆಯದು ಮೂರನೇ ಕಚ್ಚಿನಲ್ಲಿ, ಬಲಗಡೆಯದು ನಾಲ್ಕನೆಯದರಲ್ಲಿ ಕೂತು ಹಲಗೆ ಸೊಟ್ಟಗಾಗುತ್ತದೆ, ಹಿಂಜಿನ ಸ್ಕ್ರೂ ಕಿತ್ತು ಬರುತ್ತದೆ.

---

ಎಂಎಸ್_ಪೈಪ್_ಹುಬ್ಬಳ್ಳಿ ಉತ್ತರ:

ಮ್ಯಾಲಿನವರು ಹಲಗಿ ಬಗ್ಗೆ ಬರದಾರ, ನಾ ಕೆಳಗಿನ ಸ್ಟ್ಯಾಂಡ್ ಬಗ್ಗೆ ಹೇಳತೀನಿ. ಇದನ್ನ ಯಾರೂ ಲಕ್ಷ್ಯಕ್ಕ ತಗೊಳ್ಳೂದಿಲ್ರಿ.

ಸಾದಾ ಟೇಬಲ್‌ದಾಗ ಮ್ಯಾಲಿನ ಹಲಗಿನ ನಾಲ್ಕೂ ಕಾಲು ಬಿಗಿಯಾಗಿ ಹಿಡಕೊಂಡಿರತೈತಿ. ನಿಮ್ಮ ಟೇಬಲ್‌ದಾಗ ಹಲಗಿ ಹಿಂಜಿನ ಮ್ಯಾಲೆ ನಿಂತಿರತೈತಿ, ಅದು ಕಾಲು ಹಿಡಿಯೂದಿಲ್ಲ. ಹಂಗಾಗಿ ರಬ್ಬರ್ ಹಚ್ಚಿ ಉಜ್ಜಿದ್ರ ಸಾಕು, ಟೇಬಲ್ ಎಡಕ್ಕ ಬಲಕ್ಕ ಜೋಲಿ ಹೊಡಿತೈತಿ. ಹಲಗಿ ಇಲ್ಲದನ ಗಟ್ಟಿ ನಿಲ್ಲೂ ಹಂಗ ಸ್ಟ್ಯಾಂಡ್ ಮಾಡಸ್ರಿ. ಕಟ್ಟಿಗಿದು ಆದ್ರ ಹಿಂದಿನ ಎರಡು ಕಾಲಿನ ನಡುವ 300 ಮಿ.ಮೀ. ಎತ್ತರದ ಪ್ಲೈ ಪಟ್ಟಿ ಅಂಟು ಮತ್ತ ಸ್ಕ್ರೂ ಎರಡೂ ಹಾಕಿ ಕೂಡಸ್ರಿ. ಬರೇ ಸ್ಕ್ರೂ ಮ್ಯಾಲೆ ಬಿಟ್ರ ಒಂದು ವರ್ಷದಾಗ ಸಡ್ಲ ಆಗತೈತಿ. ಕಬ್ಬಿಣದ್ದು ಆದ್ರ 25 × 25 ಚೌಕ ಪೈಪು, 16 ಗೇಜ್. 18 ಗೇಜ್ ತೆಳು ಆಗತೈತಿ, ವೆಲ್ಡಿಂಗ್ ಮಾಡೂಮುಂದ ತೂತು ಬೀಳತೈತಿ, ಸೊಟ್ಟನೂ ಆಗತೈತಿ. ಹಿಂದ ಒಂದು ಅಡ್ಡ ಪೈಪು, ಒಂದು ಓರೆ ಪೈಪು ಹಾಕಿದ್ರ ಮುಗೀತು.

ನಾಬ್ ಬಗ್ಗೆ ಕೇಳಿದ್ರಿ. ತಿರುಗೂ ಜಾಗದಾಗನ ನಾಬ್ ಹಾಕಿ ಬಿಗಿ ಮಾಡೂದು ಖರೇನ ಉಪಯೋಗಿಲ್ಲ. ಲೆಕ್ಕ ನೋಡ್ರಿ: ಹಲಗಿ 11 ಕೆ.ಜಿ., ಮ್ಯಾಲೆ ಕೈ ಊರಿದ ಭಾರ 25 ಕೆ.ಜಿ., ಒಟ್ಟು 36 ಅಂತ ಹಿಡೀರಿ. ಅದು ಹಲಗಿ ನಟ್ಟನಡುವ ಬಿದ್ರ 30 ಡಿಗ್ರಿಗೆ ಹಿಂಜಿನ ಸುತ್ತ ಸುಮಾರು 11 ಕೆ.ಜಿ.-ಮೀಟರ್ ತಿರುಚು ಬಲ ಬರತೈತಿ. ವಾಶರ್ ತ್ರಿಜ್ಯ 30 ಮಿ.ಮೀ. ಇದ್ರ, ಘರ್ಷಣಾಂಕ 0.2 ಹಿಡಿದ್ರ, ಎರಡೂ ಕಡಿ ಇರೂ ಒಂದೊಂದು ನಾಬ್ 900 ಕೆ.ಜಿ. ಬಲದಿಂದ ಒತ್ತಬೇಕು. ಕೈಯಿಂದ ಆಗೂ ಮಾತಲ್ಲ ಅದು. ಅದಕ್ಕನ ಅಂಥಾ ಟೇಬಲ್ ಎಲ್ಲಾ ಮೆಲ್ಲಕ ಜಾರಕೋತ ಕೆಳಗ ಬರತಾವು.

ನಾಬ್ ಬೇಕೇ ಬೇಕಂದ್ರ ಕಮಾನು ಪಟ್ಟಿ ಹಾಕಸ್ರಿ. 5 ಮಿ.ಮೀ. ಪ್ಲೇಟಿನಾಗ 250 ತ್ರಿಜ್ಯದ ಕಮಾನು, ನಡುವ ಸೀಳು, ಅದರಾಗ ಎಂ10 (10 ಮಿ.ಮೀ. ಬೋಲ್ಟಿನ) ನಾಬ್. ಅದೇ ಲೆಕ್ಕಕ್ಕ ಇಲ್ಲಿ ಒಂದೊಂದು ನಾಬ್ ಬರೇ 110 ಕೆ.ಜಿ. ಒತ್ತಿದ್ರ ಸಾಕು, ಅದು ಕೈಗೆ ಸಲೀಸು. ತಿರುಗೂ ಜಾಗದಿಂದ ಎಷ್ಟು ದೂರ ಹಿಡೀತೀರಿ ಅಷ್ಟು ಹಗುರ. 0 ಯಿಂದ 45 ಡಿಗ್ರಿಗೆ ಸೀಳಿನ ಉದ್ದ ಸುಮಾರು 200 ಮಿ.ಮೀ. ಬರತೈತಿ. ಲೇಸರ್ ಕಟಿಂಗ್ ಅಂಗಡ್ಯಾಗ ಮಾಡಸ್ರಿ, ಕೈಯಿಂದ ಕೊಯ್ಯಾಕ ಹೋಗಬ್ಯಾಡ್ರಿ. ಕಮಾನಿನ ಕೇಂದ್ರ ಹಿಂಜಿನ ಅಚ್ಚಿಗೆ ಸರಿಯಾಗಿ ಕೂಡಲಿಲ್ಲಂದ್ರ ನಾಬ್ ಅರ್ಧದಾರ್ಯಾಗ ಸಿಕ್ಕೊಂಡು ನಿಂತಬಿಡತೈತಿ. 2 ಮಿ.ಮೀ. ತಪ್ಪಿದ್ರೂ ಗೊತ್ತಾಗತೈತಿ. ಸೀಳು ನಾಬಿನ ಬೋಲ್ಟಿಗಿಂತ 1 ಮಿ.ಮೀ. ಅಗಲ ಇರಲಿ.

ಆದ್ರ ಮನ್ಯಾಗ ಸಣ್ಣ ಹುಡುಗ್ರು ಇದ್ರ ನಾಬ್ ಬ್ಯಾಡ. ಬಿಗಿ ಮಾಡೂದು ಮರೆತ್ರ ಹಲಗಿ ಧಡ್ ಅಂತ ಬೀಳತೈತಿ.

---

ಮೂಲಮಟ್ಟ ಉತ್ತರ:

ಉಳಿಸುತ್ತಿಗೆಯವರ ಲೆಕ್ಕಕ್ಕೆ ಒಂದು ತಿದ್ದುಪಡಿ. ಅವರ ಪಟ್ಟಿ ಸರಿಯಾಗಬೇಕಾದರೆ ಊರುಗೋಲಿನ ಪಿನ್ನು, ಸರಳು ಕೂರುವ ಜಾಗ, ಹಿಂಜಿನ ಅಚ್ಚು ಮೂರೂ ಹಲಗೆ ಮಟ್ಟಸವಿದ್ದಾಗ ಒಂದೇ ಗೆರೆಯಲ್ಲಿರಬೇಕು. ಕೆಲಸದಲ್ಲಿ ಹಾಗಿರುವುದಿಲ್ಲ. ಪಿನ್ನು ಹಲಗೆಯ ಅಡಿಯ ರೀಪಿನಲ್ಲಿ ಹಿಂಜಿನ ಗೆರೆಗಿಂತ ಸುಮಾರು 20 ಮಿ.ಮೀ. ಕೆಳಗಿರುತ್ತದೆ, ಕಚ್ಚಿನಲ್ಲಿ ಕೂತ ಸರಳಿನ ಮಧ್ಯ ಸುಮಾರು 45 ಕೆಳಗಿರುತ್ತದೆ. ಈ ಅಳತೆ ಹಾಕಿದರೆ 45 ಡಿಗ್ರಿಯ ಕಚ್ಚು 417ರಲ್ಲಿ ಅಲ್ಲ, 373ರ ಹತ್ತಿರ ಬರುತ್ತದೆ. 44 ಮಿ.ಮೀ. ವ್ಯತ್ಯಾಸ! 15 ಡಿಗ್ರಿಯ ಕಚ್ಚು ಮಾತ್ರ 624ರಿಂದ 620ಕ್ಕೆ, ನಾಲ್ಕೇ ಮಿ.ಮೀ.

ಗಾಬರಿಯಾಗುವ ಸಂಗತಿ ಅಲ್ಲ. ಅವರ ಪಟ್ಟಿಯಂತೆಯೇ ಕೊಯ್ದರೂ 45ರ ಬದಲು 42 ಡಿಗ್ರಿ ಸಿಗುತ್ತದೆ, ಕೆಲಸಕ್ಕೆ ಏನೂ ತೊಂದರೆ ಇಲ್ಲ. ಆದರೆ ಪೇಪರಿನ ಮೇಲಿನ ಅಂಕಿಯನ್ನು ನಂಬಿ ಮೊದಲೇ ಕಚ್ಚು ಕೊಯ್ದಿಡಬೇಡಿ. ಹಲಗೆ, ಹಿಂಜ್, ಊರುಗೋಲು ಎಲ್ಲ ಕೂಡಿಸಿದ ಮೇಲೆ ಹಲಗೆಯ ಮೇಲೆ ಮೊಬೈಲಿಟ್ಟು ಅದರ ಲೆವೆಲ್ ಆ್ಯಪಿನಲ್ಲಿ ಕೋನ ನೋಡಿ, ಸರಳು ಎಲ್ಲಿ ತಾಗುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಕೋನದ ಎರಡು ಡಿಗ್ರಿ ತಪ್ಪಿಗಿಂತ ಎಡ ಪಟ್ಟಿಗೂ ಬಲ ಪಟ್ಟಿಗೂ ಒಂದು ಮಿ.ಮೀ. ತಪ್ಪುವುದೇ ಕೆಟ್ಟದ್ದು. ಸರಳಿನ ಒಂದು ತುದಿ ಮಾತ್ರ ಕೂತು ಇನ್ನೊಂದು ತೇಲುತ್ತದೆ, ಬರೆಯುವಾಗ ಹಲಗೆ ಟಿಕ್ ಟಿಕ್ ಎನ್ನುತ್ತದೆ. ಆದ್ದರಿಂದ ಎರಡು ಕಚ್ಚುಪಟ್ಟಿಗಳನ್ನೂ ಒಂದರ ಮೇಲೊಂದಿಟ್ಟು ಕ್ಲಾಂಪ್ ಹಾಕಿ, ಒಂದೇ ಸಲಕ್ಕೆ ತೂತು ಹೊಡೆದು ಒಂದೇ ಸಲಕ್ಕೆ ಕೊಯ್ಯಿರಿ.

ಕಚ್ಚಿನ ಆಕಾರದಲ್ಲೂ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಗರಗಸದ ಹಲ್ಲಿಗೆ ತುಂಬಾ ಹೊತ್ತು ಹಿಡಿಯುತ್ತದೆ, ಮರದ ಎಳೆ ಉದ್ದಕ್ಕೆ ಹೋಗುವುದರಿಂದ ಹಲ್ಲಿನ ತುದಿ ಸಿಡಿಯುತ್ತದೆ. 16 ಮಿ.ಮೀ. ಡ್ರಿಲ್ಲಿನಿಂದ ಸಾಲಾಗಿ ತೂತು ಹೊಡೆದು, ತೂತಿನ ಮಧ್ಯಗೆರೆಗಿಂತ 3 ಮಿ.ಮೀ. ಮೇಲೆ ಪಟ್ಟಿಯನ್ನು ಉದ್ದಕ್ಕೆ ಸೀಳಿ. ಕಚ್ಚಿನ ಬಾಯಿ ಸುಮಾರು 14.8 ಮಿ.ಮೀ. ಉಳಿಯುತ್ತದೆ, 12ರ ಸರಳು ಆರಾಮವಾಗಿ ಇಳಿಯುತ್ತದೆ. ಒಳಗೆ ಹೋದ ಮೇಲೆ ತೂತಿನ ತುಟಿ ಅದನ್ನು ಮೇಲಿನಿಂದ ಕೊಂಚ ಹಿಡಿದಿಟ್ಟುಕೊಳ್ಳುತ್ತದೆ. ಒಂದೇ ಕೊರತೆ ಎಂದರೆ ಟಕ್ ಟಕ್ ಎಂದು ತಾನಾಗಿ ಏರುವುದಿಲ್ಲ. ಒಂದು ಕೈಯಲ್ಲಿ ಹಲಗೆ, ಇನ್ನೊಂದು ಕೈಯಲ್ಲಿ ಸರಳು ಎತ್ತಿ ಕೂರಿಸಬೇಕು. ದಿನಕ್ಕೆ ಎರಡು ಸಲ ಬದಲಿಸುವ ಟೇಬಲಿಗೆ ಅಷ್ಟು ಸಾಕು.

10 ಡಿಗ್ರಿಯ ಕಚ್ಚು ಯಾಕೆ ಕೊಟ್ಟಿಲ್ಲ ಎಂದು ಯಾರಾದರೂ ಕೇಳಬಹುದು. ಊರುಗೋಲು ಮಲಗಿದಷ್ಟೂ ಅದರ ಮೇಲೆ ಬೀಳುವ ಬಲ ಏರುತ್ತದೆ. ಹುಬ್ಬಳ್ಳಿಯವರು ಹೇಳಿದ ಅದೇ 36 ಕೆ.ಜಿ.ಗೆ 30 ಡಿಗ್ರಿಯಲ್ಲಿ ಊರುಗೋಲಿನ ಉದ್ದಕ್ಕೂ 34 ಕೆ.ಜಿ. ಬಲ, 15ರಲ್ಲಿ 65, 10ರಲ್ಲಿ 96. ಬಹುಪಾಲು ಅಡ್ಡಬಲ, ಹಲ್ಲನ್ನು ಹಿಂದಕ್ಕೆ ನೂಕುವ ಬಲ. ಜೊತೆಗೆ 10 ಮತ್ತು 15 ಡಿಗ್ರಿಯ ಕಚ್ಚುಗಳ ನಡುವೆ 14-15 ಮಿ.ಮೀ. ಮಾತ್ರ ಇರುತ್ತದೆ, 16ರ ತೂತು ಹೊಡೆದರೆ ನಡುವೆ ಮರವೇ ಉಳಿಯುವುದಿಲ್ಲ. ಬರೆಯುವುದಕ್ಕೆ 10 ಡಿಗ್ರಿ ಬೇಕೇ ಬೇಕು ಎಂದರೆ ಅದಕ್ಕೆ ಬೇರೆಯೇ ಉಪಾಯ ಇದೆ: ಚೌಕಟ್ಟಿನ ಹಿಂದಿನ ರೈಲಿನ (ಕಾಲುಗಳನ್ನು ಜೋಡಿಸುವ ಅಡ್ಡಪಟ್ಟಿಯ) ಮೇಲೆ 120 ಮಿ.ಮೀ. ಎತ್ತರದ ಎರಡು ಮರದ ತುಂಡು ನಿಲ್ಲಿಸಿ ಹಲಗೆಯನ್ನು ಅದರ ಮೇಲೆ ಕೂರಿಸುವುದು. ತುಂಡುಗಳಿಗೆ ಚಿಕ್ಕ ಹಿಂಜ್ ಹಾಕಿ ಮಡಚುವಂತೆ ಮಾಡಬಹುದು.

---

ಸಾಗರದ_ಮಳೆ:

ಎಲ್ಲರಿಗೂ ಧನ್ಯವಾದ. ಹಾಗಾದರೆ ಮುಂದೆ ಹಿಂಜ್, ಊರುಗೋಲು, ತೂತಿನ ಕಚ್ಚು. ಇನ್ನೆರಡು ವಿಷಯ. ಮನೆಯಲ್ಲಿ ಹಲಸಿನ ಹಳೆಯ ಹಲಗೆಗಳಿವೆ, ಒಂದೂಕಾಲು ಇಂಚು ದಪ್ಪ. ಮೇಲ್ಹಲಗೆಗೆ ಅದನ್ನೇ ಅಂಟಿಸಿ ಬಳಸಬಹುದೇ, ಪ್ಲೈ ತರಬೇಕೇ? ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಎರಡನೆಯದು, ಹಾಳೆ ಮತ್ತು ಪೆನ್ಸಿಲ್ ಜಾರದಂತೆ ಮುಂದೆ ಪಟ್ಟಿ ಹೊಡೆದರೆ ಮಟ್ಟಸ ಇಟ್ಟಾಗ ಮಣಿಕಟ್ಟಿಗೆ ಒತ್ತುವುದಿಲ್ಲವೇ?

---

ಪ್ಲೈ_ಪುರಾಣ ಉತ್ತರ:

ಹಲಸು ಚಂದದ ಮರ, ಆದರೆ ಈ ಜಾಗಕ್ಕೆ ಬೇಡ. ನಾಲ್ಕೈದು ಹಲಗೆ ಅಗಲಕ್ಕೆ ಅಂಟಿಸಿದ 700 ಮಿ.ಮೀ. ಫಲಕ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಎಳೆಗೆ ಅಡ್ಡಲಾಗಿ ಕೆಲವು ಮಿ.ಮೀ. ವ್ಯತ್ಯಾಸ ಬರುವುದು ಸಹಜ. ಸಾದಾ ಟೇಬಲಿಗೆ ಅದನ್ನು ತಾಳಿಕೊಳ್ಳುವಂತೆ ಮಾಡಬಹುದು. ಡ್ರಾಯಿಂಗ್ ಹಲಗೆ ಬಟ್ಟಲಾಗಿ ಬಾಗಿದರೆ ಸ್ಕೇಲ್ ನಡುವೆ ತೇಲುತ್ತದೆ, ಗೆರೆ ಹಾಳು. ತೂಕವೂ ಜಾಸ್ತಿ, ಒಂದೂಕಾಲು ಇಂಚಿನದು ಹತ್ತಿರ ಹತ್ತಿರ ಎರಡು ಪಟ್ಟು. ಹಲಸನ್ನು ಕಾಲಿಗೆ, ಕಚ್ಚುಪಟ್ಟಿಗೆ, ಅಂಚಿನ ಪಟ್ಟಿಗೆ ಬಳಸಿಕೊಳ್ಳಿ. ಹಳೆಯದಾಗಿ ಒಣಗಿದ್ದರೆ ಅದಕ್ಕೆ ಒಳ್ಳೆಯದೇ.

ಮೇಲ್ಹಲಗೆಗೆ 19 ಮಿ.ಮೀ. ಪ್ಲೈವುಡ್. ಐಎಸ್ 710 (ಮರೀನ್ ಪ್ಲೈ) ಮುದ್ರೆ ಇರುವುದು ಸಿಕ್ಕರೆ ಒಳ್ಳೆಯದು, ಇಲ್ಲವೇ ಐಎಸ್ 303ರ ಬಿಡಬ್ಲ್ಯುಆರ್ (ಕುದಿನೀರು ತಾಳುವ) ದರ್ಜೆ. ಎಂಆರ್ (ತೇವ ಮಾತ್ರ ತಾಳುವ) ದರ್ಜೆಯದು ನಿಮ್ಮ ಊರಿಗೆ ಬೇಡ, ಪದರ ಬಿಡುತ್ತದೆ. ಅಂಗಡಿಯಲ್ಲೇ ಮೂಲೆಯಿಂದ ಮೂಲೆಗೆ ದಾರ ಎಳೆದು ಹಾಳೆ ನೆಟ್ಟಗಿದೆಯೇ ನೋಡಿ. ದಪ್ಪವನ್ನೂ ಅಳೆಯಿರಿ, 19 ಎಂದು ಕೊಡುವುದು 18 ಇರುವುದು ಹೊಸತಲ್ಲ. ಅರ್ಧ ಶೀಟು ಸಾಕು: 1220 × 1220ರಲ್ಲಿ 1000 × 700ರ ಮೇಲ್ಹಲಗೆ ತೆಗೆದ ಮೇಲೆ ಒಂದು ಕಡೆ 1220 × 520ರ ಪಟ್ಟಿ ಉಳಿಯುತ್ತದೆ, ಅದರಲ್ಲಿ ಹಿಂದಿನ 300ರ ಫಲಕ ಮತ್ತು 75 ಅಗಲದ ಮುಂದಿನ ಹಿಂದಿನ ರೈಲು. ಇನ್ನೊಂದು ಕಡೆ ಉಳಿದ 220 × 700ರಲ್ಲಿ ಪಕ್ಕದ ಎರಡು ರೈಲು. ಗರಗಸದ ಬಾಯಿಗೆ 3-4 ಮಿ.ಮೀ. ಬಿಟ್ಟು ಗುರುತು ಹಾಕಿ.

ಎಲ್ಲರೂ ಎಡವುವ ಜಾಗ ಲ್ಯಾಮಿನೇಟ್. ಮೇಲೆ ಮಾತ್ರ 1 ಮಿ.ಮೀ. ಲ್ಯಾಮಿನೇಟ್ ಅಂಟಿಸಿ ಅಡಿಯನ್ನು ಬರಿದಾಗಿ ಬಿಟ್ಟರೆ ಅಡಿಯ ಮುಖ ತೇವ ಹೀರುತ್ತದೆ, ಮೇಲಿನದು ಹೀರುವುದಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆ ಬಿಲ್ಲಾಗುತ್ತದೆ. ಸಾದಾ ಟೇಬಲಿನಲ್ಲಿ ಸುತ್ತಲಿನ ಚೌಕಟ್ಟು ಅದನ್ನು ಎಳೆದು ಹಿಡಿಯುತ್ತದೆ, ಇಲ್ಲಿ ಹಿಡಿಯುವವರೇ ಇಲ್ಲ. ಅಡಿಗೂ ಲ್ಯಾಮಿನೇಟ್ ಹಾಕಿಸಿ, ಅಗ್ಗದ 0.8ರ ಲೈನರ್ ಆದರೂ ಸರಿ. ಎರಡೂ ಮುಖ ಒಂದೇ ದಿನ ಅಂಟಿಸಬೇಕು. ಬಿಳಿ ಫೆವಿಕಾಲ್ ಆದರೆ ಮಟ್ಟಸ ಜಾಗದಲ್ಲಿ ಮೇಲೆ ಸಮನಾಗಿ ಭಾರ ಹೇರಿ ಒಂದು ದಿನ ಬಿಡಿ. ಆಮೇಲೆ ನಾಲ್ಕೂ ಅಂಚಿಗೆ ಮರದ ಪಟ್ಟಿ, ಮುಂದಿನದು 25 ಮಿ.ಮೀ. ಅಗಲ ಇರಲಿ. ಪಟ್ಟಿ ಸೇರಿ 1000 × 700 ಆಗುವಂತೆ ಪ್ಲೈಯನ್ನು ಅಷ್ಟು ಕಡಿಮೆ ಕೊಯ್ಯಿಸಬೇಕು, ಮರೆಯಬೇಡಿ.

ಮುಂದಿನ ಪಟ್ಟಿ ಅಗಲ ಇರಲಿ ಎಂದದ್ದು ಹಿಂಜಿಗಾಗಿ. ಪಿಯಾನೋ ಹಿಂಜಿನ (ಅಂಚಿನ ಉದ್ದಕ್ಕೂ ಬರುವ ಒಂದೇ ಹಿಂಜ್) ಸ್ಕ್ರೂವನ್ನು ಪ್ಲೈಯ ಅಂಚಿಗೆ, ಅಂದರೆ ಪದರಗಳ ನಡುವೆ ಹೊಡೆದರೆ ಪದರ ಬಿರಿದು ಸ್ಕ್ರೂ ಹಿಡಿತ ಕಳೆದುಕೊಳ್ಳುತ್ತದೆ. ಅಡಿಯ ಮುಖದಿಂದ ಮರದ ಪಟ್ಟಿಯೊಳಗೆ ಹೋಗಬೇಕು. 6 ನಂಬರಿನ 16 ಮಿ.ಮೀ. ಸ್ಕ್ರೂ, ಮೊದಲು 2 ಮಿ.ಮೀ. ತೂತು. ಹಲಸು ಗಟ್ಟಿ, ತೂತು ಹೊಡೆಯದೆ ತಿರುಗಿಸಿದರೆ ಸ್ಕ್ರೂವಿನ ತಲೆ ಮುರಿಯುತ್ತದೆ. ಕೆಳಗಡೆ ಮುಂದಿನ ರೈಲಿನ ಮೇಲಂಚಿಗೆ ಬರುವ ರೆಕ್ಕೆಗೂ ಇದೇ ಮಾತು, ಪ್ಲೈ ರೈಲಾದರೆ ಅದಕ್ಕೊಂದು ಮರದ ರೀಪು ಅಂಟಿಸಿ ಅದರ ಮೇಲೆ ಹಿಂಜ್.

---

ಮಿನಿ_ಡ್ರಾಫ್ಟರ್ ಉತ್ತರ:

ಜಾರುವಿಕೆ ಬಗ್ಗೆ. ಹಾಳೆಯನ್ನು ಹೇಗೂ ಟೇಪಿನಿಂದ ನಾಲ್ಕು ಮೂಲೆಗೆ ಅಂಟಿಸುತ್ತಾರೆ, ಅದು ಜಾರುವುದಿಲ್ಲ. ಪುಸ್ತಕ, ಸೆಟ್‌ಸ್ಕ್ವೇರ್ ಮುಂತಾದವು 15-20 ಡಿಗ್ರಿಯ ಆಸುಪಾಸಿನಲ್ಲಿ ಇಳಿಯತೊಡಗುತ್ತವೆ. ಉರುಟು ಪೆನ್ಸಿಲಿಗೆ 5 ಡಿಗ್ರಿಯೇ ಸಾಕು.

ಮುಂದಂಚಿನ ಪಟ್ಟಿಯನ್ನು ಕಾಯಂ ಹೊಡೆಯಬೇಡಿ. ಹಲಗೆಯ ಮುಂದಂಚಿನಲ್ಲಿ 8 ಮಿ.ಮೀ. ತೂತು ಎರಡು, ಪಟ್ಟಿಯಲ್ಲಿ 8ರ ಎರಡು ಗೂಟ. ಬೇಕಾದಾಗ ಸಿಕ್ಕಿಸಿ, ಬೇಡವಾದಾಗ ಕಿತ್ತು ಚೌಕಟ್ಟಿನೊಳಗೆ ಇಡುವುದು. ಪಟ್ಟಿ ಹಲಗೆಯ ಮೇಲ್ಮೈಗಿಂತ 8-10 ಮಿ.ಮೀ. ಎದ್ದಿದ್ದರೆ ಸಾಕು, ಮೇಲಂಚು ಉರುಟಾಗಿರಲಿ. ಪೂರ್ತಿ 1000 ಉದ್ದ ಬೇಡ, ಬಲಗಡೆ 400 ಮಿ.ಮೀ. ಸಾಕು. ನಡುವೆ ಮೊಣಕೈ ಬರುವ ಜಾಗ ಖಾಲಿ ಇರುತ್ತದೆ. ಒಂದು ಎಚ್ಚರ: ಹಿಂಜಿನ ಅಚ್ಚಿಗಿಂತ ಮುಂದೆ ಚಾಚಿದ್ದೆಲ್ಲ ಹಲಗೆ ಎತ್ತಿದಾಗ ಕೆಳಕ್ಕೆ ತಿರುಗುತ್ತದೆ. ಆದ್ದರಿಂದ ಹಿಂಜಿನ ಗಂಟು ಮುಂದಿನ ರೈಲಿನ ಮುಖಕ್ಕೆ ಸರಿಸಮವಾಗಿ ಬರಬೇಕು. ಗಂಟು ಒಳಗೆ ಕೂತು ರೈಲು ಮುಂದೆ ಚಾಚಿದರೆ ಪಟ್ಟಿ ರೈಲಿಗೆ ಒತ್ತಿ ಹಿಂಜನ್ನೇ ಮೀಟಿ ಕೀಳುತ್ತದೆ.

ಹಲಗೆಯ ಎಡ ಮೇಲ್ಮೂಲೆಯನ್ನು ಬರಿದಾಗಿಡಿ. ಮಿನಿ ಡ್ರಾಫ್ಟರಿನ (ಹಲಗೆಗೆ ಕಚ್ಚಿಸಿ ಗೆರೆ ಎಳೆಯುವ ಸಾಧನ) ಕ್ಲಾಂಪ್ ಅಲ್ಲಿಯೇ ಕಚ್ಚುವುದು. ಅಡಿಯ ರೀಪು ಅಲ್ಲಿವರೆಗೆ ಬಂದಿದ್ದರೆ ಕ್ಲಾಂಪ್ ಬಾಯಿ ಸಾಲದು. ಮೂಲೆಯಿಂದ 100 ಮಿ.ಮೀ. ಸುತ್ತ ಹಲಗೆಯ ದಪ್ಪ ಬಿಟ್ಟು ಅಡಿಯಲ್ಲಿ ಏನೂ ಇರಬಾರದು. ಪ್ಯಾರಲಲ್ ಬಾರ್ (ಹಲಗೆಯ ಮೇಲೆ ಮೇಲೆ ಕೆಳಗೆ ಸರಿಯುವ ಉದ್ದ ಸ್ಕೇಲ್) ಹಾಕುವುದಾದರೆ ಎಡ ಬಲ ಅಂಚುಗಳು ಒಂದಕ್ಕೊಂದು ಸಮಾನಾಂತರವಾಗಿರಲಿ, ಹಲಗೆಯ ಮೂಲೆಗಳು ಸರಿಯಾಗಿ 90 ಡಿಗ್ರಿಗೆ ಕೂತಿವೆಯೇ ಎಂದು ಎರಡು ಕರ್ಣ ಅಳೆದು ನೋಡಿ. 1000 × 700ಕ್ಕೆ ಎರಡೂ 1220.7 ಬರಬೇಕು, 1 ಮಿ.ಮೀ. ಒಳಗೆ ವ್ಯತ್ಯಾಸ ಇದ್ದರೆ ಚಿಂತೆ ಇಲ್ಲ.

ಲ್ಯಾಮಿನೇಟ್ ಹೊಳಪಿನದು ತರಬೇಡಿ. ಮಟ್ಟಸ ಇದ್ದಾಗ ಕಾಣದ ಟ್ಯೂಬ್‌ಲೈಟು ಹಲಗೆ ಎತ್ತಿದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ, ಯಾಕೆಂದರೆ ಆಗ ಹಲಗೆ ನಿಮ್ಮ ಬೆನ್ನಹಿಂದಿನ ದೀಪವನ್ನು ನೇರ ಮುಖಕ್ಕೆ ತೋರಿಸುತ್ತದೆ. ಮಂಕಾದ ಬೂದು ಅಥವಾ ಕೆನೆಬಣ್ಣ. ದೀಪ, ಕಾಫಿಲೋಟ, ಮೊಬೈಲ್ ಇವು ಹಲಗೆಯ ಮೇಲೆ ನಿಲ್ಲುವುದಿಲ್ಲವಲ್ಲ. ಬಲಗಡೆ ಚೌಕಟ್ಟಿಗೆ 200 ಅಗಲದ ಕಾಯಂ ಹಲಗೆ ಒಂದನ್ನು ಸೇರಿಸಿಕೊಂಡರೆ ಸುಖ. ಇದನ್ನು ಮರೆತ ಟೇಬಲುಗಳು ಕೊನೆಗೆ ಪಕ್ಕದಲ್ಲೊಂದು ಸ್ಟೂಲ್ ಇಟ್ಟುಕೊಂಡು ಬಾಳುತ್ತವೆ.

---

ವ್ಯಾಸಪೀಠ ಉತ್ತರ:

ಇಷ್ಟೆಲ್ಲ ಬೇಡ ಎನ್ನುವವರಿಗೆ: ಇರುವ ಟೇಬಲಿನ ಮೇಲೆಯೇ ಇದೇ ಹಲಗೆ, ಹಿಂಜ್, ಕಚ್ಚುಪಟ್ಟಿಯನ್ನು 12 ಮಿ.ಮೀ. ಪ್ಲೈ ತಳಕ್ಕೆ ಕೂರಿಸಿ ಇಟ್ಟುಕೊಳ್ಳಬಹುದು. ಆದರೆ ಮುಂದಂಚು 80-100 ಮಿ.ಮೀ. ಎತ್ತರವಾಗುತ್ತದೆ, ಕುರ್ಚಿಯನ್ನೂ ಅಷ್ಟು ಏರಿಸಬೇಕು. ತಳದಡಿ ರಬ್ಬರ್ ಬಟನ್ ಹಾಕದಿದ್ದರೆ ಇಡೀ ಸಾಮಾನು ಹಿಂದಕ್ಕೆ ಸರಿಯುತ್ತದೆ. ಓದುವುದಕ್ಕೆ ಮಾತ್ರ ಆದರೆ ನನ್ನ ಹೆಸರಿನ ಸಾಮಾನೇ ಸಾಕು, ಅದಕ್ಕೆ ಹಿಂಜೂ ಬೇಡ, ಸ್ಕ್ರೂನೂ ಬೇಡ.

ಗ್ಯಾಸ್ ಲಿಫ್ಟ್ ಹಾಕಿದರೆ ಊರುಗೋಲೇ ಬೇಡವಲ್ಲ ಎಂದು ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ: ಅಡುಗೆಮನೆ ಶಟರಿಗೆ ಹಾಕುವ ಗ್ಯಾಸ್ ಲಿಫ್ಟ್ ಎತ್ತುವುದಕ್ಕೆ ಸಹಾಯ ಮಾಡುತ್ತದೆ, ಯಾವ ಕೋನದಲ್ಲೂ ಲಾಕ್ ಆಗುವುದಿಲ್ಲ. ಕೈ ಊರಿದರೆ ಇಳಿಯುತ್ತದೆ. ಜಾಸ್ತಿ ಬಲದ್ದು ಹಾಕಿದರೆ ಹಲಗೆ ಮಟ್ಟಸ ಕೂರದೆ ತಾನೇ ಎದ್ದು ಬರುತ್ತದೆ, ಲ್ಯಾಪ್‌ಟಾಪ್ ಸಮೇತ. ಊರುಗೋಲಿನ ಜೊತೆಗೆ ಹಗುರದ್ದೊಂದು ಜೋಡಿ ಹಾಕಿಕೊಂಡರೆ ಹಲಗೆ ಕೈತಪ್ಪಿದಾಗ ಮೆಲ್ಲಗೆ ಇಳಿಯುತ್ತದೆ, ಅಷ್ಟು ಲಾಭ.

---

ಸಾಗರದ_ಮಳೆ:

ಊರುಗೋಲಿಗೆ ಮರವೋ ಕಬ್ಬಿಣವೋ? ಆಚಾರ್ರಿಗೆ ಕೊಡುವುದಕ್ಕೆ ಕೂಡಿಸುವ ಕ್ರಮವನ್ನೂ ಯಾರಾದರೂ ಬರೆದರೆ ಉಪಕಾರ.

---

ಉಳಿಸುತ್ತಿಗೆ ಉತ್ತರ:

ಮೂಲಮಟ್ಟ ಸರ್ ಹೇಳಿದ್ದು ಸರಿ. ಪಿನ್ನಿನ ಎತ್ತರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಊರುಗೋಲಿಗೆ 25 × 5 ಕಬ್ಬಿಣದ ಪಟ್ಟಿ ಸಾಕು, ಮಡಚಿದಾಗ ಜಾಗ ತಿನ್ನುವುದಿಲ್ಲ. ತುದಿಯಿಂದ 15 ಮಿ.ಮೀ. ಬಿಟ್ಟು ಒಂದು ಕಡೆ 8ರ ತೂತು, ಇನ್ನೊಂದು ಕಡೆ 12ರ ತೂತು, ಎರಡರ ಮಧ್ಯದಿಂದ ಮಧ್ಯಕ್ಕೆ 300. ಎರಡು ಪಟ್ಟಿಯನ್ನೂ ಒಟ್ಟಿಗೆ ಹಿಡಿದು ತೂತು ಹೊಡೆಸಿ. ಸರಳನ್ನು ತೂತಿನೊಳಗೆ ತೂರಿಸಿ ವೆಲ್ಡ್ ಮಾಡಿಸುವಾಗ ಎರಡೂ ಪಟ್ಟಿ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿರಬೇಕು, ಇಲ್ಲದಿದ್ದರೆ ತಿರುಚಿಕೊಳ್ಳುತ್ತದೆ. ಚೌಕಟ್ಟಿನ ಒಳ ಅಗಲ 962 ಬರುತ್ತದೆ (1000ರಲ್ಲಿ ಎರಡು ಕಡೆ 19), ಸರಳು 955 ಇರಲಿ.

ಕ್ರಮ: ಮೊದಲು ಕಾಲು, ರೈಲು, ಹಿಂದಿನ ಫಲಕ ಅಂಟಿಸಿ ಚೌಕಟ್ಟು ಪೂರ್ತಿ ಮಾಡಿ ಒಂದು ದಿನ ಒಣಗಲು ಬಿಡುವುದು. ಹೊರ ಆಳ 680. ಆಗ ಹಲಗೆ ಹಿಂದೆ 20 ಚಾಚುತ್ತದೆ, ಎತ್ತಲು ಬೆರಳಿಗೆ ಹಿಡಿತ ಸಿಗುತ್ತದೆ. ಹಿಂದಿನ ರೈಲಿನ ನಡುವೆ 200 ಉದ್ದ 25 ಆಳದ ಗುಂಡಿ ತೆಗೆದುಬಿಟ್ಟರೆ ಇಳಿಸುವಾಗ ಬೆರಳು ಜಜ್ಜಿಕೊಳ್ಳುವುದಿಲ್ಲ. ಆಮೇಲೆ ಹಲಗೆಯ ಅಡಿಗೆ 40 ಎತ್ತರ 25 ದಪ್ಪದ ಎರಡು ರೀಪು, ಮುಂದಿನಿಂದ ಹಿಂದಕ್ಕೆ, ಅಂಟು ಮತ್ತು ಸ್ಕ್ರೂ ಹಾಕಿ. ಹಲಗೆ ಮಣಿಯದಂತೆ ತಡೆಯುವುದೂ ಅವೇ, ಊರುಗೋಲು ನೇತಾಡುವುದೂ ಅವುಗಳಿಗೇ. ಪಕ್ಕದ ಅಂಚಿನಿಂದ 45-50 ಮಿ.ಮೀ. ಒಳಗೆ ಬರಲಿ: ರೈಲು 19, ಕಚ್ಚುಪಟ್ಟಿ 19, ಊರುಗೋಲು 5, ಒಂದೆರಡು ವಾಶರ್. ಡ್ರಾಫ್ಟರ್ ಕ್ಲಾಂಪಿಗಾಗಿ ಎಡ ರೀಪನ್ನು ಹಿಂದಂಚಿನಿಂದ 120 ಮೊದಲೇ ನಿಲ್ಲಿಸಿ.

ಹಿಂಜ್ ಕೂರಿಸುವಾಗ ಮೊದಲು ಎರಡು ತುದಿ ಮತ್ತು ನಡುವೆ ಒಂದು, ಮೂರೇ ಸ್ಕ್ರೂ. ಹಲಗೆ ಎತ್ತಿ ಇಳಿಸಿ, ಸರಿಯಾಗಿ ಕೂತಿದೆ ಎಂದಾದ ಮೇಲೆ ಉಳಿದವು. ಊರುಗೋಲಿನ ಪಿನ್ನಿಗೆ ಎಂ8 ಬೋಲ್ಟ್, ನೈಲಾಕ್ (ಒಳಗೆ ನೈಲಾನ್ ಬಳೆ ಇರುವ) ನಟ್. ಸಾದಾ ನಟ್ ಹಾಕಿದರೆ ತಿರುಗಿ ತಿರುಗಿ ಬಿಚ್ಚಿಕೊಳ್ಳುತ್ತದೆ.

ಕಚ್ಚುಪಟ್ಟಿಗೆ ಮೊದಲು 60 ಅಗಲ ತೆಗೆದುಕೊಳ್ಳಿ, ಸೀಳಿದ ಮೇಲೆ 40 ಉಳಿಯಲಿ. ಕೊಯ್ಯದ ಪಟ್ಟಿಯನ್ನು ರೈಲಿನ ಒಳಮುಖಕ್ಕೆ ಎರಡು ಸ್ಕ್ರೂವಿನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ, ಮೊಬೈಲ್ ಇಟ್ಟು ಐದು ಕೋನಕ್ಕೂ ಗುರುತು ಹಾಕಿ. ಗುರುತು ಹಾಕುವಾಗ ಸರಳು ಕಚ್ಚಿನಲ್ಲಿ ಕೂರುವ ಎತ್ತರದಲ್ಲೇ ಇರಬೇಕು, ಪಟ್ಟಿಯ ಮೇಲಂಚಿನಲ್ಲಿ ಅಲ್ಲ. ಅದಕ್ಕೆ ಪಟ್ಟಿಯನ್ನು ಅಷ್ಟು ಕೆಳಗಿಳಿಸಿ ಹಿಡಿಯಿರಿ. ಎರಡನ್ನೂ ಬಿಚ್ಚಿ, ಜೋಡಿಸಿ, ತೂತು ಹೊಡೆದು, ಸೀಳಿ, ಅಂಟು ಹಾಕಿ ಕೂರಿಸಿ. 45ರ ಕಚ್ಚಿನ ಮುಂದೆ 20 ಮಿ.ಮೀ. ಬಿಟ್ಟು ಪಟ್ಟಿಯ ಮೇಲೆ ಒಂದು ತಡೆತುಂಡು ಹೊಡೆಯಿರಿ. ಅದಿಲ್ಲದಿದ್ದರೆ ಹಲಗೆಯನ್ನು ಜೋರಾಗಿ ಎತ್ತಿದಾಗ ಸರಳು ಪಟ್ಟಿಯ ಕೊನೆ ದಾಟಿ ಮುಂದಕ್ಕೆ ತೂಗಿಬೀಳುತ್ತದೆ, ಹಲಗೆ ಊರುಗೋಲಿಲ್ಲದೆ ಕೆಳಗೆ ಬರುತ್ತದೆ.

---

ಎಂಎಸ್_ಪೈಪ್_ಹುಬ್ಬಳ್ಳಿ:

ಸರಳಿಗೆ ಬಣ್ಣ ಹಚ್ಚಬ್ಯಾಡ್ರಿ, ಕಚ್ಚಿನಾಗ ಉಜ್ಜಿ ಉಜ್ಜಿ ಹಾಳ್ಯಾಗ ಕರೀ ಪುಡಿ ಬೀಳತೈತಿ. ಮಳಿ ಊರಂತೀರಿ, ತುಕ್ಕು ಬ್ಯಾಡಂದ್ರ ಅದೊಂದು ತುಂಡು ಸ್ಟೇನ್‌ಲೆಸ್ ಸರಳು ಹಾಕಸ್ರಿ. ಆದ್ರ ಸ್ಟೇನ್‌ಲೆಸ್ ಮತ್ತ ಸಾದಾ ಪಟ್ಟಿ ಕೂಡಿಸಿ ವೆಲ್ಡ್ ಮಾಡೂಮುಂದ ಸ್ಟೇನ್‌ಲೆಸ್ ರಾಡೇ ಬಳಸು ಅಂತ ವೆಲ್ಡರಿಗೆ ಮೊದಲ ಹೇಳ್ರಿ, ಇಲ್ಲಂದ್ರ ಜೋಡು ಬಿರುಕು ಬಿಡತೈತಿ.